ಚಳಿಗಾಲದಲ್ಲಿ ಮನೆ ಚಿಕ್ಕದಾಗಬೇಕು

ಡಿಸೆಂಬರ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಬೆಂಗಳೂರಿನ ಫ್ಲ್ಯಾಟಿನ ಒಳಗಿಗಿಂತ ಹೊರಗೇ ಬೆಚ್ಚಗಿರುತ್ತದೆ. ಟೆರೇಸಿಗೆ ಹೋದರೆ ಎಳೆ ಬಿಸಿಲು ಹಿತವಾಗಿ ಬೆನ್ನು ಕಾಯಿಸುತ್ತದೆ. ಒಳಗೆ ಬಂದರೆ ಅಂಗಾಲು ಮರಗಟ್ಟುತ್ತದೆ. ಹೊರಗೆ ಹೋಗುವಾಗ ಸ್ವೆಟರ್ ಹಾಕಿಕೊಳ್ಳುವುದು ಎಲ್ಲ ಕಡೆಯ ರೂಢಿ. ನಾವು ಹೊರಗಿನಿಂದ ಒಳಗೆ ಬಂದ ಮೇಲೆ ಸ್ವೆಟರ್ ಹುಡುಕುತ್ತೇವೆ.

ಇದರಲ್ಲಿ ದೊಡ್ಡ ಗುಟ್ಟೇನಿಲ್ಲ. ಹಿಂಗಾರು ಮುಗಿದ ಮೇಲೆ ಆಕಾಶ ತಿಳಿಯಾಗುತ್ತದೆ. ಮೋಡ ಇಲ್ಲದ ರಾತ್ರಿಯಲ್ಲಿ ನೆಲ, ಗೋಡೆ, ತಾರಸಿ ಎಲ್ಲವೂ ಹಗಲು ಹೀರಿದ ಬಿಸಿಯನ್ನು ಬಿಟ್ಟುಕೊಡುತ್ತಾ ಹೋಗುತ್ತವೆ. ಬೆಳಗಿನ ಜಾವದ ಹೊತ್ತಿಗೆ ಕಾಂಕ್ರೀಟ್ ಕೊರೆಯುತ್ತಿರುತ್ತದೆ. ಬಿಸಿಲು ಬಂದ ಕೂಡಲೇ ಗಾಳಿ ಬಿಸಿಯಾಗುತ್ತದೆ, ಗೋಡೆ ಆಗುವುದಿಲ್ಲ. ಅದಕ್ಕೆ ಮಧ್ಯಾಹ್ನವಾದರೂ ಬೇಕು. ಅಷ್ಟರಲ್ಲಿ ನಾವೆಲ್ಲ ಆಫೀಸಿನ ಏಸಿಯಲ್ಲಿ ಇನ್ನೊಂದು ಸಲ ನಡುಗುತ್ತಿರುತ್ತೇವೆ, ಅದು ಬೇರೆ ಮಾತು.

ಹಾಗೆ ನೋಡಿದರೆ ಇಲ್ಲಿನ ಚಳಿ ದೊಡ್ಡದೇನಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿ 13ರಂದು. ಈಗ ಜನವರಿಯ ಬೆಳಗಿನ ಜಾವದಲ್ಲಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತದೆ. ಬೀದರ್, ವಿಜಯಪುರದ ಕಡೆಯವರು ಇದನ್ನು ಚಳಿ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಈ 15 ಡಿಗ್ರಿಯನ್ನು ಹೀಟರ್ ಇಲ್ಲದ ಮನೆಯಲ್ಲಿ, ಗ್ರಾನೈಟ್ ನೆಲದ ಮೇಲೆ, ಬರಿಗಾಲಲ್ಲಿ ಅನುಭವಿಸುವ ಕಷ್ಟವೇ ಬೇರೆ. ನನ್ನ ತಂಗಿ ಇರುವುದು ಟೊರಾಂಟೋದಲ್ಲಿ. ಅಲ್ಲಿ ಹೊರಗೆ ಮೈನಸ್ ಹತ್ತು ಇದ್ದರೂ ಒಳಗೆ ಟೀ ಶರ್ಟಿನಲ್ಲಿ ಓಡಾಡುತ್ತಾಳೆ. ಡಿಸೆಂಬರ್ ರಜೆಗೆ ಊರಿಗೆ ಬಂದರೆ ನಮ್ಮೆಲ್ಲರಿಗಿಂತ ಜಾಸ್ತಿ ನಡುಗುವವಳೂ ಅವಳೇ.

ನಮ್ಮ ಮನೆಗಳು ಚಳಿಗೆ ಅಂತ ಕಟ್ಟಿದವಲ್ಲ. ಬಯಲುಸೀಮೆಯವರು ಬಿಸಿಲನ್ನು ನೆನೆದು ಕಟ್ಟಿದರು. ನಾನು ಹುಟ್ಟಿ ಬೆಳೆದ ತೀರ್ಥಹಳ್ಳಿ ಕಡೆಯವರು ಮಳೆಯನ್ನು ನೆನೆದು ಕಟ್ಟಿದರು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವಾಗ ಮನೆ ಕಟ್ಟುವವನಿಗೆ ಬೇರೆ ಯೋಚನೆ ಬರುವುದಾದರೂ ಹೇಗೆ? ಇಳಿಜಾರು ಮಾಡು, ಹೆಂಚು, ಉದ್ದಕ್ಕೆ ಚಾಚಿದ ಸೂರು, ಜಗಲಿ. ಚಳಿ ಬಂದರೆ ಬಂತು, ಒಂದೆರಡು ತಿಂಗಳು ಕಂಬಳಿ ಹೊದ್ದುಕೊಂಡರಾಯಿತು ಎನ್ನುವ ಧೋರಣೆ. ಹೆಂಚಿನ ಸಂದಿಯಿಂದ ಗಾಳಿ ಆರಾಮಾಗಿ ಒಳಗೆ ಬಂದು ಹೊರಗೆ ಹೋಗುತ್ತಿತ್ತು. ಅಂಥ ಮನೆಯನ್ನು ಬಿಸಿ ಮಾಡುತ್ತೇನೆ ಅಂತ ಹೊರಟರೆ ಅರ್ಧ ಕಾಡು ಸುಡಬೇಕಾಗುತ್ತಿತ್ತು.

ಅದಕ್ಕೇ ಯಾರೂ ಮನೆಯನ್ನು ಬಿಸಿ ಮಾಡಲಿಲ್ಲ. ಒಂದು ಮೂಲೆಯನ್ನು ಮಾತ್ರ ಬಿಸಿ ಮಾಡಿದರು. ಮನೆಯವರೆಲ್ಲ ಆ ಮೂಲೆಗೆ ಬಂದರು.

ಮಲೆನಾಡಿನ ಮನೆಯಲ್ಲಿ ಆ ಮೂಲೆ ಬಚ್ಚಲು. ಪೇಟೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಸ್ನಾನದ ಕೋಣೆಯಲ್ಲಿ ಕೂತು ಯಾರಾದರೂ ಹರಟೆ ಹೊಡೆಯುತ್ತಾರಾ? ನಮ್ಮಲ್ಲಿ ಹೊಡೆಯುತ್ತಿದ್ದರು. ಬಚ್ಚಲು ಎಂದರೆ ಮನೆಯ ಹಿಂಭಾಗದ ಒಂದು ದೊಡ್ಡ ಕತ್ತಲೆ ಜಾಗ. ಅದರ ಒಂದು ಪಕ್ಕದಲ್ಲಿ ಒಲೆ, ಒಲೆಯ ಮೇಲೆ ಮಣ್ಣಿನಲ್ಲಿ ಹೂತು ಕೂರಿಸಿದ ತಾಮ್ರದ ಹಂಡೆ. ಬೆಳಗಿನ ಜಾವ ಅಜ್ಜಿ ಬೆಂಕಿ ಮಾಡಿದರೆ ರಾತ್ರಿವರೆಗೂ ಅದು ಪೂರ್ತಿ ಆರುತ್ತಿರಲಿಲ್ಲ. ಉರುವಲಿಗೆ ಕಟ್ಟಿಗೆಯೇ ಬೇಕು ಅಂತ ಇರಲಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಕರಟ, ಒಣಗಿದ ಅಡಿಕೆ ಹಾಳೆ, ಸೋಗೆ, ತೋಟದಲ್ಲಿ ಬಿದ್ದದ್ದೆಲ್ಲ ನಡೆಯುತ್ತಿತ್ತು. ಅಡಿಕೆ ಸಿಪ್ಪೆ ಭುಗಿಲ್ ಅಂತ ಉರಿಯುವುದಿಲ್ಲ. ಒಳಗೊಳಗೇ ನಿಧಾನಕ್ಕೆ ಕೆಂಡವಾಗಿ ತುಂಬಾ ಹೊತ್ತು ಇರುತ್ತದೆ. ಚಳಿಗೆ ಬೇಕಾದದ್ದೂ ಅದೇ.

ಆ ಒಲೆಯ ಮುಂದಿನ ಜಾಗಕ್ಕೆ ಬೆಳಿಗ್ಗೆ ಪೈಪೋಟಿ. ಮೊದಲ ಹಕ್ಕು ಅಜ್ಜನದ್ದು. ಅವರು ಒಂದು ಮಣೆ ಹಾಕಿಕೊಂಡು, ಕಾಫಿ ಲೋಟ ಹಿಡಿದು ಕೂತರೆ ಉಳಿದವರು ಸಂದಿಯಲ್ಲಿ ತೂರಿಕೊಳ್ಳಬೇಕು. ಮಕ್ಕಳು, ಬೆಕ್ಕು, ಕೆಲಸಕ್ಕೆ ಬಂದವರು, ಬಾಣಂತಿ ಇದ್ದರೆ ಅವಳು. ಕೆಂಡದಲ್ಲಿ ಗೆಣಸು ಹುಗಿದಿಟ್ಟಿರುತ್ತಿದ್ದರು. ತೋಟಕ್ಕೆ ಯಾರು ಹೋಗಬೇಕು, ಯಾವ ಗದ್ದೆಗೆ ನೀರು ಬಿಡಬೇಕು, ಯಾರ ಮನೆ ಮದುವೆಗೆ ಎಷ್ಟು ಮುಯ್ಯಿ, ಎಲ್ಲ ತೀರ್ಮಾನವೂ ಅಲ್ಲೇ. ನಡುಮನೆಯಲ್ಲಿ ಕುರ್ಚಿ ಇತ್ತು, ಜಗಲಿಯಲ್ಲಿ ಬೆಂಚು ಇತ್ತು. ಮಾಗಿಯಲ್ಲಿ ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಅಷ್ಟು ದೊಡ್ಡ ಮನೆ ನವೆಂಬರ್ ಬರುತ್ತಿದ್ದಂತೆ ಕುಗ್ಗುತ್ತಾ ಕುಗ್ಗುತ್ತಾ ಒಂದು ಬಚ್ಚಲು, ಒಂದು ಅಡಿಗೆ ಮನೆಗೆ ಬಂದು ನಿಲ್ಲುತ್ತಿತ್ತು.

ಇದಕ್ಕೆ ಮುಹೂರ್ತ ಇಟ್ಟಂತೆ ಬರುವುದು ದೀಪಾವಳಿಯ ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಲೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಹಂಡೆಯ ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ತುಂಬುತ್ತಾರೆ. ಮಾರನೇ ದಿನ ಕತ್ತಲಿರುವಾಗಲೇ ಎಣ್ಣೆ ಸ್ನಾನ. ಪಟಾಕಿ, ಹೊಸ ಬಟ್ಟೆ ಎಲ್ಲ ಆಮೇಲೆ. ಹಬ್ಬದ ಮೊದಲ ಮರ್ಯಾದೆ ಸಿಗುವುದು ಬಿಸಿನೀರಿಗೆ. ಮುಂದಿನ ಮೂರು ತಿಂಗಳು ಈ ಮನೆ ನಡೆಯುವುದು ಯಾವುದರ ಸುತ್ತ ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಮ್ಮ ಫ್ಲ್ಯಾಟಿನಲ್ಲಿ ಗೀಸರಿಗೆ ಒಂದು ಹೂವಿನ ಎಳೆ ಸಿಕ್ಕಿಸುತ್ತೇನೆ. ಮಗಳು ನಗುತ್ತಾಳೆ, ನಗಲಿ.

ಇನ್ನೊಂದು ಜಾಗ ಅಡಿಕೆ ಸುಲಿಯುವ ಚಪ್ಪರ. ಮಲೆನಾಡಿನ ಅಡಿಕೆ ಕೊಯ್ಲು ಚಳಿಗಾಲದಲ್ಲೇ ಜೋರು. ಹಗಲು ಕೊಯ್ದು ತಂದ ಗೊನೆಗಳನ್ನು ಉದುರಿಸಿ, ರಾತ್ರಿ ಎಲ್ಲರೂ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು. ಪಕ್ಕದಲ್ಲೇ ದೊಡ್ಡ ಒಲೆ. ಸುಲಿದ ಹಸಿ ಅಡಿಕೆಯನ್ನು ಚೊಗರಿನಲ್ಲಿ, ಅಂದರೆ ಅಡಿಕೆ ಬೆಂದು ಕೆಂಪಾದ ನೀರಿನಲ್ಲಿ, ಬೇಯಿಸುವ ಹಂಡೆ. ಆ ಚೊಗರಿನ ವಾಸನೆ, ಹೊಗೆ, ಮಧ್ಯರಾತ್ರಿಯ ಚಹಾ. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಕೈ ಒಂದು ಕಡೆ ಕತ್ತಿಯ ಮೇಲೆ, ಬಾಯಿ ಇನ್ನೊಂದು ಕಡೆ. ನಾನು ಕೇಳಿದ ಒಳ್ಳೊಳ್ಳೆ ದೆವ್ವದ ಕಥೆಗಳೆಲ್ಲ ಅಲ್ಲಿಯವು. ಊರಿನ ಗುಟ್ಟುಗಳೂ ಅಲ್ಲಿಯವೇ. ಮಕ್ಕಳು ಮಲಗಿದ್ದಾರೆ ಅಂದುಕೊಂಡು ದೊಡ್ಡವರು ದನಿ ತಗ್ಗಿಸುತ್ತಿದ್ದರು. ಹಾಗೆ ತಗ್ಗಿಸಿದಾಗಲೇ ನಮಗೆ ಪೂರ್ತಿ ಎಚ್ಚರ.

ಈಗ ಸುಲಿಯುವ ಯಂತ್ರ ಬಂದಿದೆ. ನಾನು ಅದನ್ನು ಬೈಯುವುದಿಲ್ಲ. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತವರ ಸೊಂಟ ಏನಾಗುತ್ತಿತ್ತು, ಬೆರಳು ಹೇಗೆ ಸೀಳುತ್ತಿತ್ತು ಅಂತ ಕಂಡಿದ್ದೇನೆ. ಆದರೆ ಆ ಚಪ್ಪರವನ್ನು ನೆನೆದಾಗಲೆಲ್ಲ ಒಂದು ವಿಷಯ ಹೊಳೆಯುತ್ತದೆ. ಬೆಂಕಿ ಇತ್ತು ಅಂತ ಮಾತ್ರ ಜನ ಅಲ್ಲಿ ಕೂರಲಿಲ್ಲ. ಕೈಗೆ ಕೆಲಸ ಇತ್ತು ಅಂತ ಕೂತರು. ಬರೀ ಬೆಂಕಿಯ ಮುಂದೆ ಎಷ್ಟು ಹೊತ್ತು ಕೂರಬಹುದು? ಮೈ ಬಿಸಿಯಾದ ಮೇಲೆ ಎದ್ದು ಹೋಗುತ್ತೇವೆ. ಸುಲಿಯುವುದಕ್ಕೆ ಒಂದು ರಾಶಿ ಇದ್ದರೆ ಏಳುವ ಹಾಗಿಲ್ಲ.

ಮನೆಯನ್ನು ಬೆಚ್ಚಗೆ ಮಾಡುವುದು ಹೇಗೆ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಕೊಳ್ಳುವ ಸಾಮಾನು. ಕುಷನ್ನು, ಸುಗಂಧದ ಮೇಣದಬತ್ತಿ, ಪುಟ್ಟ ದೀಪದ ಸರ, ತುಪ್ಪಳದ ಹೊದಿಕೆ. ಫೋಟೋ ಚೆನ್ನಾಗಿರುತ್ತದೆ. ಆ ಫೋಟೋಗಳಲ್ಲಿ ಮಾತ್ರ ಸಾಮಾನ್ಯವಾಗಿ ಒಬ್ಬರೇ ಕೂತಿರುತ್ತಾರೆ. ಇಲ್ಲವಾದರೆ ಯಾರೂ ಇರುವುದಿಲ್ಲ. ಇವೆಲ್ಲ ಬೇಡ ಅಂತಲ್ಲ. ಸಾಮಾನಿನ ಬಗ್ಗೆಯೂ ಹೇಳುವುದಿದೆ. ಆದರೆ ಅದಕ್ಕೆ ಮುಂಚೆ ಮನೆಯಲ್ಲಿ ಒಂದು ಜಾಗವನ್ನು ಆರಿಸಿಕೊಳ್ಳಬೇಕು ಅನ್ನುವುದು ನನ್ನ ವಾದ. ಇಡೀ ಮನೆಯನ್ನು ಬೆಚ್ಚಗೆ ಮಾಡಲು ಹೋಗಬೇಡಿ. ಮೂರು ಬೆಡ್‌ರೂಮಿನ ಮನೆಯಲ್ಲಿ ಮೂರೂ ರೂಮು ಬೆಚ್ಚಗಾದರೆ ಮೂರು ಜನ ಮೂರು ಬಾಗಿಲು ಹಾಕಿಕೊಳ್ಳುತ್ತಾರೆ. ತಂಗಿಯ ಮನೆಯಲ್ಲಿ ಅದೇ ಕಥೆಯಂತೆ. "ಎಲ್ಲಾ ರೂಮು ಒಂದೇ ಥರ ಬೆಚ್ಚಗಿರತ್ತೆ ಕಣೇ ಅಕ್ಕಾ, ಊಟಕ್ಕೆ ಕರೆಯೋಕೂ ವಾಟ್ಸಾಪ್ ಮಾಡಬೇಕು" ಅಂತಾಳೆ.

ನಮ್ಮ ಫ್ಲ್ಯಾಟಿನಲ್ಲಿ ಆ ಜಾಗ ಅಡಿಗೆ ಮನೆಗೆ ಅಂಟಿಕೊಂಡ ಊಟದ ಮೂಲೆ. ಕಾರಣ ಎರಡು. ಒಲೆ ಪಕ್ಕದಲ್ಲಿದೆ. ಮತ್ತೆ ಅಲ್ಲಿಗೆ ದಕ್ಷಿಣದ ಕಿಟಕಿ ಇದೆ.

ದಕ್ಷಿಣದ ಕಿಟಕಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಮನೆ ಹುಡುಕುವಾಗ ದಕ್ಷಿಣ ಅಂದರೆ ಮುಖ ಸಿಂಡರಿಸುವವರೇ ಜಾಸ್ತಿ. ಬೆಂಗಳೂರು ಇರುವುದು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ ಕೊನೆಗೆ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ನಡು ಮಧ್ಯಾಹ್ನದಲ್ಲೂ ನೆತ್ತಿಗೆ ಬರುವುದಿಲ್ಲ, ದಿಗಂತದಿಂದ ಸುಮಾರು 53 ಡಿಗ್ರಿ ಮೇಲೆ ನಿಂತು ದಕ್ಷಿಣದ ಕಿಟಕಿಯಲ್ಲಿ ಇಣುಕುತ್ತಾನೆ. ಬಿಸಿಲು ಕೋಣೆಯ ಒಳಗಿನವರೆಗೆ ಬಂದು ಬೀಳುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಅದೇ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಹೊತ್ತು ಉತ್ತರದ ಕಡೆಗೇ ವಾಲಿರುತ್ತಾನೆ. ಬೇಸಿಗೆಯ ನಡು ಹಗಲಿನಲ್ಲಿ ಆ ಕಿಟಕಿಗೆ ನೇರ ಬಿಸಿಲಿಲ್ಲ. ಚಳಿಯಲ್ಲಿ ಬಿಸಿಲು ಕೊಟ್ಟು, ಸೆಕೆಯಲ್ಲಿ ನೆರಳು ಕೊಡುವ ಕಿಟಕಿ ಇದು. ವಾಸ್ತು ಪಂಡಿತರು ಏನಾದರೂ ಅನ್ನಲಿ, ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮನೆಯಲ್ಲಿ ಅದಕ್ಕೆ ರಾಜಮರ್ಯಾದೆ. ಒಂಬತ್ತು ಗಂಟೆಗೆ ಪರದೆ ಪೂರ್ತಿ ಸರಿಸಿ ಗಾಜು ಮುಚ್ಚಿಡುತ್ತೇನೆ. ಬಿಸಿಲು ಗಾಜು ದಾಟಿ ನೆಲಕ್ಕೆ, ಗೋಡೆಗೆ ಬೀಳುತ್ತದೆ. ಸಂಜೆ ಸೊಳ್ಳೆ ಏಳುವ ಮುಂಚೆ ದಪ್ಪ ಪರದೆ ಎಳೆದುಬಿಡುತ್ತೇನೆ. ಹಗಲು ಸಿಕ್ಕಿದ್ದು ಅಷ್ಟಿಷ್ಟು ಒಳಗೇ ಉಳಿಯುತ್ತದೆ.

ಎಲ್ಲ ದಿನವೂ ಬಿಸಿಲು ಇರುವುದಿಲ್ಲ ನಿಜ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಇಲ್ಲಿ ನಾಲ್ಕು ದಿನ ಜಿನುಗು ಮಳೆ. ಆಗ ಹಗಲೂ ರಾತ್ರಿಯೂ ಒಂದೇ ಥರ ತಂಪು. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ. ನನ್ನ ಪ್ರಕಾರ ಜನವರಿಯ ಚಳಿಗಿಂತ ಈ ಮೋಡದ ಚಳಿಯೇ ಜಾಸ್ತಿ ಕಾಡುವುದು.

ನೆಲದ ವಿಷಯಕ್ಕೆ ಬರೋಣ. ಟೈಲ್ಸು, ಗ್ರಾನೈಟು, ಹಳೆ ಮನೆಗಳ ರೆಡ್ ಆಕ್ಸೈಡು, ಎಲ್ಲವೂ ಕೋಣೆಯ ಗಾಳಿಯಷ್ಟೇ ತಣ್ಣಗಿರುತ್ತವೆ. ಆದರೆ ಕಲ್ಲು ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಚಾಪೆ ಎಳೆದುಕೊಳ್ಳುವುದಿಲ್ಲ. ಅಷ್ಟೇ ವ್ಯತ್ಯಾಸ. ಹಾಗಾಗಿ ಚಳಿಗೆ ಮೊದಲು ದುಡ್ಡು ಹಾಕುವುದಾದರೆ ಕಾಲಿನ ಅಡಿಗೆ ಹಾಕಿ. ನಮ್ಮನೆಯಲ್ಲಿ ನವಲಗುಂದದ ಜಮಖಾನೆ ಇದೆ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳು ಮಗ್ಗದಲ್ಲಿ ಕೂತು ನೇಯುವ ಹತ್ತಿಯ ಹಾಸು. ಆ ಊರಿನದೇ ಕಸುಬು ಎಂದು ಗುರುತಿಸುವ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ನೋಡಲು ಗಾಢ ಬಣ್ಣ, ಕೂರಲು ಗಟ್ಟಿ, ಒಗೆಯಲೂಬಹುದು. ಆನ್‌ಲೈನಿನಲ್ಲಿ ಸಿಗುವ ಕೂದಲು ಕೂದಲು ಕಾರ್ಪೆಟ್ ನಮ್ಮ ಊರಿನ ಧೂಳಿಗೆ ಸರಿಯಲ್ಲ. ಒಂದು ವರ್ಷದಲ್ಲಿ ಅದು ನಿಮ್ಮ ಮೂಗಿಗೆ ಬುದ್ಧಿ ಕಲಿಸುತ್ತದೆ.

ಹೊದೆಯುವುದರ ಬಗ್ಗೆ ಹೇಳಲು ಹೋದರೆ ಕಂಬಳಿಯಿಂದಲೇ ಶುರು ಮಾಡಬೇಕು. ಚಳ್ಳಕೆರೆ, ರಾಣೆಬೆನ್ನೂರು ಹತ್ತಿರದ ಮೇಡ್ಲೇರಿ, ಇಂಥ ಕಡೆ ಕುರುಬರು ದಖನಿ ಕುರಿಯ ಉಣ್ಣೆಯಿಂದ ಕರಿ ಕಂಬಳಿ ನೇಯುತ್ತಾ ಬಂದಿದ್ದಾರೆ. ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಒಳಗೊಂದು ಹಳೆ ಪಂಚೆ ಇಟ್ಟುಕೊಂಡು ಹೊದೆಯುತ್ತಿದ್ದರು. ಆದರೆ ಸುರುಳಿ ಸುರುಳಿಯಾದ ಆ ಎಳೆಗಳ ನಡುವೆ ಗಾಳಿ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಸ್ವಲ್ಪ ತೇವವಾದರೂ ಉಣ್ಣೆ ಥಟ್ಟಂತ ತಣ್ಣಗಾಗುವುದಿಲ್ಲ. ಕುರಿ ಹಿಂಡಿನ ಜೊತೆ ಬಯಲಲ್ಲಿ ಮಲಗುವವರು, ಮಳೆಯಲ್ಲಿ ತಲೆಯಿಂದ ಬೆನ್ನಿಗೆ ಇಳಿಯುವ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆ ನೆಟ್ಟಿ ಮಾಡುತ್ತಿದ್ದ ನಮ್ಮ ಕಡೆಯವರು, ಇಬ್ಬರೂ ಒಂದೇ ಬಟ್ಟೆಯನ್ನು ನಂಬಿದ್ದು ಸುಮ್ನೆ ಅಲ್ಲ.

ಉತ್ತರ ಕರ್ನಾಟಕದವರ ಕೈಗೆ ಬಂದರೆ ಅದೇ ಲೆಕ್ಕ ಕೌದಿಯಲ್ಲಿ. ಹಳೆ ಸೀರೆ, ಹಳೆ ಧೋತರ, ತುಂಡು ಬಟ್ಟೆ, ಎಲ್ಲ ಪದರ ಪದರವಾಗಿ ಹಾಸಿ ಕೈಹೊಲಿಗೆ ಹಾಕುತ್ತಾರೆ. ಪದರಗಳ ನಡುವೆ ಮತ್ತೆ ಗಾಳಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ನಾಲ್ಕು ಮೂಲೆಯಲ್ಲಿ ಬಟ್ಟೆಯನ್ನು ಮಡಚಿ ತ್ರಿಕೋನದ ಹೂವು ಕೂರಿಸುತ್ತಾರೆ. ಆ ಹೂವಿಲ್ಲದೆ ಕೌದಿ ಮುಗಿದಂತಲ್ಲ. ನಮ್ಮ ಪಕ್ಕದ ಮನೆಯಲ್ಲಿ ಧಾರವಾಡದವರಿದ್ದಾರೆ. ಅವರ ತಾಯಿ ಚಳಿಗಾಲಕ್ಕೆ ಬಂದರೆ ಕೌದಿಯೂ ಜೊತೆಗೇ ಬರುತ್ತದೆ. "ಕೌದಿ ಒಳಗ ಹೊಕ್ಕೊಂಡ್ರ ಮುಗೀತ್ರೀ, ಥಂಡಿ ಎಲ್ಲೈತಿ ಅಂತ ಹುಡುಕಬೇಕು" ಅಂತಾರೆ ಆ ಅಜ್ಜಿ. ಮಧ್ಯಾಹ್ನ ಟೆರೇಸಿನ ಬಿಸಿಲಿಗೆ ಕೂತು ಹೊಸದೊಂದು ಹೊಲಿಯುತ್ತಿರುತ್ತಾರೆ. ಅವರ ಸುತ್ತ ಯಾವಾಗಲೂ ನಾಲ್ಕು ಜನ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ನೋಡಿಲ್ಲ. ಅಲ್ಲಿ ಸೋಫಾ ಇದೆ, ಕೆಲಸ ಇಲ್ಲ.

ಬೆಳಕಿನ ವಿಷಯದಲ್ಲಿ ನನಗೂ ಅಪ್ಪನಿಗೂ ಮುಗಿಯದ ಜಗಳ. ಊಟದ ಮೂಲೆಗೆ ನಾನು ಹಳದಿ ಬೆಳಕಿನ ಬಲ್ಬು ಹಾಕಿದ್ದೇನೆ. ಎಲ್ಇಡಿ ಡಬ್ಬಿಯ ಮೇಲೆ 2700 ಕೆ ಅಂತ ಬರೆದಿರುತ್ತದಲ್ಲ, ಅದು. ನಮ್ಮ ಬಹುತೇಕ ಮನೆಗಳಲ್ಲಿ ಉರಿಯುವುದು 6500ರ ಬಿಳಿ ಬೆಳಕು. ಅಪ್ಪ ಊರಿಂದ ಬಂದವರು ಬಾಗಿಲಲ್ಲೇ ನಿಂತು, "ಏನೇ, ಇಲ್ಲೂ ವೋಲ್ಟೇಜ್ ಕಮ್ಮಿನಾ?" ಅಂತ ಕೇಳಿದರು. ಅವರದ್ದು ತಪ್ಪಲ್ಲ. ಅವರ ಕಾಲದ ಹಳ್ಳಿಯಲ್ಲಿ ಹಳದಿ ಬೆಳಕೆಂದರೆ ಸಂಜೆಯಾದರೆ ಕೆಂಪಗೆ ಮಿಣಿಮಿಣಿ ಎನ್ನುವ ಬಲ್ಬು. ಅದರ ಅಡಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓದಿದವರು. ಟ್ಯೂಬ್‌ಲೈಟ್ ಬಂದದ್ದು ಅವರ ಪಾಲಿಗೆ ಏಳಿಗೆ. ಹಾಲ್ ತುಂಬಾ ಬೆಳ್ಳಗೆ ಬೆಳಕಿದ್ದರೆ ಮನೆ ಚೆನ್ನಾಗಿದೆ ಅಂತ ಅರ್ಥ. ಆ ತಲೆಮಾರಿನವರ ಮುಂದೆ ಮಂದ ಬೆಳಕೇ ಚೆಂದ ಅಂತ ಭಾಷಣ ಬಿಗಿಯುವುದು ನನಗೆ ಸರಿ ಕಾಣುವುದಿಲ್ಲ. ರಾಜಿ ಹೀಗೆ: ಅಪ್ಪ ಪೇಪರ್ ಓದುವ ಕುರ್ಚಿಯ ಮೇಲೆ ಬಿಳಿ ದೀಪ, ಮೇಜಿನ ಮೇಲೆ ತಗ್ಗಿಗೆ ಇಳಿಬಿಟ್ಟ ಹಳದಿ ದೀಪ. ಉಳಿದ ಕೋಣೆ ಕತ್ತಲಿರಲಿ. ಬೆಳಕು ಎಲ್ಲಿದೆಯೋ ಜನ ಅಲ್ಲಿಗೆ ಬರುತ್ತಾರೆ. ಎಲ್ಲ ಕಡೆ ಬೆಳಕಿದ್ದರೆ ಎಲ್ಲಿಗೂ ಬರುವುದಿಲ್ಲ. ಕಾರ್ತಿಕ ಮಾಸ ಪೂರ್ತಿ ಸಂಜೆ ಹೊಸ್ತಿಲಿಗೆ ಎರಡು ಹಣತೆ ಇಡುತ್ತೇವೆ. ಅದಕ್ಕೆ ಮಾತ್ರ ಅಪ್ಪನ ತಕರಾರಿಲ್ಲ.

ಈಗ ಕೆಲಸದ ವಿಷಯ. ಅಡಿಕೆ ಇಲ್ಲದ ಊರಿನಲ್ಲಿ ಏನು ಸುಲಿಯುವುದು? ಇದಕ್ಕೆ ಉತ್ತರ ಕೊಟ್ಟವರು ನಮ್ಮ ಅತ್ತೆ. ಅವರು ಮಾಗಡಿ ಕಡೆಯವರು. ಡಿಸೆಂಬರ್ ಬಂತೆಂದರೆ ಮೂಟೆಯ ಲೆಕ್ಕದಲ್ಲಿ ಅವರೆಕಾಯಿ ತರಿಸುತ್ತಾರೆ. ಒಂದು ಕೆಜಿ ತಂದರೆ ಅದು ಅಡುಗೆ, ಒಂದು ಮೂಟೆ ತಂದರೆ ಅದು ಹಬ್ಬ. ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ ಎನ್ನುವುದು ಅವರ ನಂಬಿಕೆ. ಕಾಯಿ ಕೈಗೆ ತಗೊಂಡು ಮೂಸಿ ನೋಡಿಯೇ ಒಪ್ಪುವುದು. ಸೊಗಡಿನ ಜಿಡ್ಡು ಬೆರಳಿಗೆ ಅಂಟಬೇಕು. ರಾತ್ರಿ ಊಟವಾದ ಮೇಲೆ ಜಮಖಾನೆಯ ಮೇಲೆ ಹಳೆ ಪೇಪರ್ ಹರಡಿ, ನಡುವೆ ರಾಶಿ ಸುರಿಯುತ್ತಾರೆ. ಯಾರನ್ನೂ ಕರೆಯುವುದಿಲ್ಲ. ಮೊದಲು ನನ್ನ ಗಂಡ ಬಂದು ಕೂರುತ್ತಾನೆ, ಆಮೇಲೆ ಮಗಳು ಫೋನ್ ಹಿಡಿದುಕೊಂಡೇ ಬಂದು ಕೂರುತ್ತಾಳೆ. ಅವರೆಕಾಯಿ ಬಿಡಿಸಲು ಎರಡೂ ಕೈ ಬೇಕು. ಫೋನು ತಾನಾಗಿಯೇ ಕೆಳಗಿಳಿಯುತ್ತದೆ. ಮಕ್ಕಳ ಫೋನ್ ಬಿಡಿಸಲು ಹೆಣಗುವವರಿಗೆ ನಾನು ಕೊಡುವ ಸಲಹೆ ಇದೊಂದೇ.

ಬಿಡಿಸಿದ ಕಾಳನ್ನು ನೀರಿನಲ್ಲಿ ನೆನೆಹಾಕಿ, ಸಿಪ್ಪೆ ಸಡಿಲಾದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹಿತುಕಬೇಕು. ಪುಳಕ್ಕಂತ ಬೇಳೆ ಹಾರಿ ಬೋಗುಣಿಗೆ ಬೀಳುತ್ತದೆ. ಕೆಲವು ಎದುರಿಗಿದ್ದವರ ಮುಖಕ್ಕೆ. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಮಾತು ಎಲ್ಲೆಲ್ಲೋ ಹೋಗುತ್ತದೆ. ಅತ್ತೆ ತಮ್ಮ ಮದುವೆಯಲ್ಲಿ ಬೀಗರು ಮುನಿಸಿಕೊಂಡ ಪ್ರಸಂಗವನ್ನು ನನಗೆ ಹೇಳಿದ್ದು ಅವರೆ ಹಿತುಕುವಾಗಲೇ. ಸೋಫಾದ ಮೇಲೆ ಎದುರು ಬದುರು ಕೂತಿದ್ದರೆ ಹೇಳುತ್ತಿರಲಿಲ್ಲ ಅನ್ನಿಸುತ್ತದೆ. ಕಣ್ಣು ಕಾಳಿನ ಮೇಲಿದ್ದರೆ ಕೆಲವು ಮಾತು ಸಲೀಸು.

ಮಾರನೇ ದಿನ ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ. ಒಲೆ ಹೊತ್ತಿಕೊಂಡೇ ಇರುತ್ತದೆ, ಊಟದ ಮೂಲೆ ಬೆಚ್ಚಗಾಗುತ್ತದೆ, ಸೊಗಡು ಲಿಫ್ಟಿನವರೆಗೂ ಹೋಗುತ್ತದೆ. ಮನೆ ಘಮಘಮ ಎನ್ನಲು ಬೇರೆ ಮೇಣದಬತ್ತಿ ಯಾಕೆ ಬೇಕು ಹೇಳಿ. ಧನುರ್ಮಾಸದಲ್ಲಿ ಬೆಳಗಿನ ಜಾವಕ್ಕೇ ಹೆಸರುಬೇಳೆ ಹುಗ್ಗಿ, ಮೆಣಸು, ತುಪ್ಪ. ಧಾರವಾಡದ ಅಜ್ಜಿ ಇದ್ದರೆ ಎಳ್ಳು ಅಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬರುತ್ತದೆ. ಅವರ ಊರಲ್ಲಾದರೆ ಹೊಲದಲ್ಲೇ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಕಾಲ ಅದು. ಅದನ್ನು ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ ಮಾಡಲು ಹೋಗಬಾರದು.

ಹಾಗೆಂದಾಗ ಬೆಂಕಿಯ ಬಗ್ಗೆ ಗಟ್ಟಿಯಾಗಿ ಒಂದು ಮಾತು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಯಾವ ಕಾರಣಕ್ಕೂ ಬೇಡ. ಗಾಳಿ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ. ನಿದ್ದೆಯಲ್ಲಿದ್ದವರು ಎಚ್ಚರವಾಗುವುದೇ ಇಲ್ಲ. ಪ್ರತಿ ಚಳಿಗಾಲ ಇಂಥ ಸುದ್ದಿ ಪೇಪರಿನಲ್ಲಿ ಬರುತ್ತದೆ. ಕಿಟಕಿ ಇಲ್ಲದ ಬಾತ್‌ರೂಮಿನ ಗ್ಯಾಸ್ ಗೀಸರ್ ಕೂಡ ಅಷ್ಟೇ ಅಪಾಯ. ನಮ್ಮ ಊರಿನ ಬಚ್ಚಲಲ್ಲಿ ಇಡೀ ದಿನ ಒಲೆ ಉರಿದರೂ ಯಾರಿಗೂ ಏನೂ ಆಗಲಿಲ್ಲ ಎಂದರೆ ಅದಕ್ಕೆ ಕಾರಣ ಆ ತೂತು ತೂತು ಹೆಂಚಿನ ಮಾಡು, ಗೋಡೆಯ ಕಿಂಡಿ. ಫ್ಲ್ಯಾಟಿನಲ್ಲಿ ಆ ಕಿಂಡಿಗಳಿಲ್ಲ. ಚಳಿ ತಡೆಯದಿದ್ದರೆ ರಬ್ಬರಿನ ಬಿಸಿನೀರ ಚೀಲ ಸಾಕು. ಕಾಲ ಬುಡದಲ್ಲಿ ಇಟ್ಟುಕೊಂಡರೆ ಬೆಳಗಿನವರೆಗೆ ಚಿಂತೆ ಇಲ್ಲ.

ಒಬ್ಬರೇ ಇರುವವರು ಏನು ಮಾಡಬೇಕು ಅಂತ ಓದುವವರು ಕೇಳಬಹುದು. ಪೀಜಿ, ಒಂದೇ ರೂಮಿನ ಬಾಡಿಗೆ ಮನೆ. ಒಬ್ಬರೇ ಕೂತು ಒಂದು ಮೂಟೆ ಅವರೆ ಬಿಡಿಸಿ ಅಂತ ಹೇಳಿದರೆ ಅದು ಕ್ರೂರ. ಆದರೆ ನಮ್ಮ ಮೇಲಿನ ಮಹಡಿಯಲ್ಲಿರುವ ಹುಡುಗಿಯರು, ಮೂವರು, ಬೇರೆ ಬೇರೆ ಊರಿನವರು, ಅತ್ತೆಯ ರಾಶಿ ಬಿದ್ದ ರಾತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತಾರೆ. ಕರೆದದ್ದು ಮೊದಲ ಸಲ ಮಾತ್ರ. ಊಟಕ್ಕೆ ಬನ್ನಿ ಅಂದರೆ ನಾಚಿಕೊಳ್ಳುವವರು ಕೆಲಸಕ್ಕೆ ಬನ್ನಿ ಅಂದರೆ ಬರುತ್ತಾರೆ. ಸಹಾಯ ಮಾಡುತ್ತಿದ್ದೇವೆ ಎನ್ನುವ ಧೈರ್ಯ ಅವರಿಗೆ. ಅವರಲ್ಲೊಬ್ಬಳು ರಾಯಚೂರಿನವಳು. ಅವಳು ಹಿತುಕುವ ವೇಗಕ್ಕೆ ಅತ್ತೆಯೇ ಬೆರಗಾಗಿ, "ಇವಳನ್ನ ನಮ್ಮ ಕಡೆಗೆ ಸೊಸೆ ಮಾಡ್ಕೋಬೇಕು" ಅಂತ ಅವಳ ಎದುರೇ ಅಂದುಬಿಟ್ಟರು. ಪುಣ್ಯಕ್ಕೆ ಹುಡುಗಿ ನಕ್ಕಳು.

ಅವರೆ ಮುಗಿಯುತ್ತಾ ಬರುವ ಹೊತ್ತಿಗೆ ಎಳ್ಳು ಬೆಲ್ಲ ಶುರು. ಸಂಕ್ರಾಂತಿಗೆ ವಾರ ಇರುವಾಗಲೇ ಕೊಬ್ಬರಿ, ಅಚ್ಚು ಬೆಲ್ಲ ಸಣ್ಣಗೆ ಹೆಚ್ಚಿ ದಕ್ಷಿಣದ ಕಿಟಕಿಯ ಬಿಸಿಲಿಗೆ ಒಣಗಿಸಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಉಜ್ಜಬೇಕು. ಆ ಸಿಪ್ಪೆ ಊದುವುದು ಮಗಳ ಕೆಲಸ, ಅದು ಮನೆಯೆಲ್ಲ ಹಾರಿದ ಮೇಲೆ ಗುಡಿಸುವುದು ಅವಳ ಅಪ್ಪನ ಕೆಲಸ. ಈಗ ಅಂಗಡಿಯಲ್ಲಿ ಯಂತ್ರ ಕತ್ತರಿಸಿದ ರೆಡಿ ಪ್ಯಾಕೆಟ್ ಸಿಗುತ್ತದೆ. ಎಲ್ಲ ತುಂಡೂ ಒಂದೇ ಅಳತೆ, ನೋಡಲು ಬಹಳ ನೀಟು. ಗಂಡ ಕಳೆದ ಸಂಕ್ರಾಂತಿಗೆ ಅದನ್ನೇ ತಂದುಬಿಡೋಣವಾ ಅಂತ ಮೆಲ್ಲಗೆ ಕೇಳಿದ. ಅತ್ತೆ ಮಾತಾಡಲಿಲ್ಲ. ಎದ್ದು ಹೋಗಿ ನಮ್ಮ ಅಪ್ಪ ತೀರ್ಥಹಳ್ಳಿಯಿಂದ ತಂದುಕೊಟ್ಟಿದ್ದ ಅಡಕತ್ತರಿ ತಂದು ಅವನ ಮುಂದಿಟ್ಟರು. ಅಡಿಕೆಗೆ ಮಾಡಿದ್ದಾದರೂ ಕೊಬ್ಬರಿಗೂ ಚೆನ್ನಾಗಿ ನಡೆಯುತ್ತದೆ. ಹೋದ ವರ್ಷ ಸ್ವಲ್ಪ ಮೊಂಡಾಗಿತ್ತು, ತುಂಡು ದಪ್ಪ ಬಂದವು ಅಂತ ದೂರು ಬಂದಿದೆ. ಈ ಸಲ ಅವರೆ ಮುಗಿಯುವ ಮುಂಚೆಯೇ ಅದಕ್ಕೆ ಸಾಣೆ ಹಿಡಿಸಬೇಕು.